ಸೂಜಿ ನಿಂತ ಜಾಗ

ಮಧು ಚುಚ್ಚಿದ ಸೂಜಿ ನರ್ಸಿಂಗ್ ಲ್ಯಾಬಿನ ರಬ್ಬರ್ ಗೊಂಬೆಯ ಸೊಂಟದ ಕೆಳಗೆ, ದೊಡ್ಡ ನರ ಹಾಯುವ, ಚುಚ್ಚಿದರೆ ರೋಗಿಯ ಕಾಲೇ ಸೋಲಬಹುದಾದ ಜಾಗದಲ್ಲೇ ನಿಂತಿತ್ತು. ‘ತಗಿ, ಮತ್ತೊಮ್ಮಿ ಹಾಕು’ ಎನ್ನಲು ಗುಲಫಶಾ ಮೇಡಂ ಬಾಯಿ ತೆರೆದರು.

‘ಲಗೂ ಬಿಡ್ರಿ ಮೇಡಂ, ಮುನವಳ್ಳಿ ಬಸ್ ಹೋಗ್ತೈತಿ,’ ಎಂದಳು ಮಧು. ‘ನಾವು ನಿಮಗ ಮಾರ್ಕ್ಸ್ ಹಾಕೋದೂ ಇವತ್ತ ಐತ್ರಿ.’ ಹಿಂದೆ ನಿಂತ ಹುಡುಗಿಯರು ಮೊಬೈಲ್ ಹಿಡಿದು ನಕ್ಕರು.

ಹೋದ ವರ್ಷದ ವಿದ್ಯಾರ್ಥಿಗಳು ಶಿಕ್ಷಕರಿಗೆ ಅಂಕ ಕೊಡುವ ಫಾರ್ಮಿನಲ್ಲಿ ಮೇಡಂ ಬಗ್ಗೆ ‘ಭಾಳ ಕಾಡತಾರ’ ಎಂದು ಬರೆದಿದ್ದರು. ಇನ್ನೊಮ್ಮೆ ಹಾಗೆ ಬಂದರೆ ಕೆಲಸ ಇರುವುದಿಲ್ಲ ಎಂದು ಪ್ರಿನ್ಸಿಪಾಲರು ಮೆಲ್ಲಗೆ ತಿಳಿಸಿದ್ದರು.

ಮೇಡಂ ತಾವೇ ಸೂಜಿ ಕಿತ್ತು ಟ್ರೇಯಲ್ಲಿಟ್ಟರು. ‘ಛಲೋ ಹಾಕಿದಿ,’ ಎಂದರು.

ಮಧುವಿನ ಮುಖ ಅರಳಿತು. ‘ಖರೇನ್ರಿ? ನನಗ ಅಂಜಿಕಿ ಇತ್ರಿ. ನಾಳಿಂದ ದವಾಖಾನ್ಯಾಗ ಹಿಂಗ ಹಾಕ್ತೇನ್ರಿ.’