ಎಲ್ಲರಿಗೂ ಬರುವ ಉತ್ತರ

“ಇದನ್ನ ಹೊಡೆದುಹಾಕು. 9.8 ಅಂತ ಬರಿ, ಈಗಲೇ ಸಹಿ ಹಾಕ್ತೀನಿ,” ಎಂದು ಫಿಸಿಕ್ಸ್ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.

ಲೋಲಕ ತನ್ನ ರೆಕಾರ್ಡ್ ಪುಸ್ತಕವನ್ನು ಎದೆಗವಚಿಕೊಂಡಳು. ಆರನೇ ತರಗತಿಯಿಂದಲೂ ಬೀಗದ ಕೈ, ಸೌಟು, ಅಪ್ಪನ ಬೂಟು, ಸಿಕ್ಕಿದ್ದನ್ನೆಲ್ಲ ದಾರಕ್ಕೆ ಕಟ್ಟಿ ತೂಗಾಡಿಸುತ್ತಿದ್ದ ಹುಡುಗಿಗೆ ಗೆಳತಿಯರು ಇಟ್ಟ ಹೆಸರದು. ಈಗ ಒಂಬತ್ತನೇ ತರಗತಿ. ರಜೆಯಲ್ಲಿ ನಿಜವಾದ ಭೌತವಿಜ್ಞಾನಿಗಳ ಜೊತೆ ಹದಿನೈದು ದಿನ ಕಳೆಯುವ ಶಿಬಿರಕ್ಕೆ ಶಾಲೆಗೊಂದೇ ಸೀಟು. ಮೇಷ್ಟ್ರ ಸಹಿಯಿರುವ ಪ್ರಯೋಗವೊಂದನ್ನು ಅರ್ಜಿಯ ಜೊತೆ ಇಡಬೇಕು. ನಾಳೆಯೇ ಕೊನೆಯ ದಿನ. ಅವಳು ದಾರಕ್ಕೆ ಕಟ್ಟಿದ ಗುಂಡನ್ನು ತೂಗಾಡಿಸಿ, ಅದರ ಓಲಾಟಕ್ಕೆ ಹಿಡಿಯುವ ಹೊತ್ತಿನಿಂದ ಭೂಮಿಯ ಸೆಳೆತವನ್ನು ಅಳೆದಿದ್ದಳು. ಬಂದದ್ದು 10.86.

“ಐದು ಸಲ ಅಳೆದೆ ಸಾರ್. ಐದು ಸಲಾನೂ ಅಷ್ಟೇ ಬಂತು.”

“ಉಳಿದ ಇಪ್ಪತ್ತೊಂಬತ್ತು ಜನಕ್ಕೂ 9.8 ಬಂದಿದೆ. ಭೂಮಿ ನಿನ್ನೊಬ್ಬಳನ್ನೇ ಜಾಸ್ತಿ ಎಳೀತಾ? ನಿಮ್ಮಮ್ಮನೂ ಇಲ್ಲೇ ಓದಿದ್ದು. ಅವಳಿಗೆ ಮೊದಲನೇ ಸಲಕ್ಕೇ ಸರಿಯಾಗಿ ಬಂದಿತ್ತು.”

ಲೋಲಕಳಿಗೆ ಶಾಲೆಯ ಒಂದೇ ಒಂದು ಸ್ಟಾಪ್‌ವಾಚಿನ ಮೇಲೆ ಗುಮಾನಿ. ಗೋಗರೆದು ಅದನ್ನು ಒಂದು ದಿನದ ಮಟ್ಟಿಗೆ ಇಸಿದುಕೊಂಡು, ಸೀದಾ ಅಮ್ಮನ ಗಡಿಯಾರ ರಿಪೇರಿ ಅಂಗಡಿಗೆ ಓಡಿದಳು. ಅದು ತಾತನ ಕಾಲದ ಅಂಗಡಿ. ಅಮ್ಮ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ವಾಚಿನ ಹಿಂಬದಿ ಮುಚ್ಚಳ ಬಿಚ್ಚಿದಳು. ಬಿಚ್ಚಿದ ಗಡಿಯಾರದ ಕಾಯಿಲೆಯನ್ನು ಮುಚ್ಚಳದೊಳಗೆ ಗೀಚಿಡುವುದು ಆ ಕಸುಬಿನವರ ರೂಢಿ. ಅಲ್ಲಿತ್ತು ತಾತನ ಕೈಬರಹ: ‘ನಿಮಿಷಕ್ಕೆ ಮೂರು ಸೆಕೆಂಡು ನಿಧಾನ. ಬಿಡಿಭಾಗ ಸಿಗಲಿಲ್ಲ. ಹಾಗೇ ವಾಪಸು.’ ಕೆಳಗೆ ಇಸವಿ.

“ಆ ವರ್ಷ ನೀನು ಎಷ್ಟನೇ ಕ್ಲಾಸಮ್ಮಾ?”

“ಎಂಟು.”

“ಮತ್ತೆ ಒಂಬತ್ತರಲ್ಲಿ ಇದೇ ವಾಚಿಗೆ ನಿಂಗೆ 9.8 ಹೇಗೆ ಬಂತು?”

ಅಮ್ಮ ಮಸೂರ ತೆಗೆಯಲೇ ಇಲ್ಲ. “ಗಿರಾಕಿ ಬರೋ ಹೊತ್ತು. ತಲೆ ತಿನ್ನಬೇಡ, ಹೋಗು ಆಚೆ.”

ಮರುದಿನ ಮೇಷ್ಟ್ರು ಮುಚ್ಚಳದ ಬರಹವನ್ನು ಎರಡೆರಡು ಸಲ ಓದಿದರು. ನಂಬಿಕೆಯಾಗದೆ ಗೋಡೆ ಗಡಿಯಾರದ ಜೊತೆ ಓಡಿಸಿ ನೋಡಿದರು. ಅಲ್ಲಿ ಒಂದು ನಿಮಿಷವಾದಾಗ ಇಲ್ಲಿ ಐವತ್ತೇಳು ಸೆಕೆಂಡು. ಆ ಮೂರು ಸೆಕೆಂಡು ಸೇರಿಸಿ ಲೆಕ್ಕ ಹಾಕಿದರೆ ಲೋಲಕಳ ಉತ್ತರ ನೆಟ್ಟಗೆ 9.8ಕ್ಕೆ ಬಂದು ಕೂತಿತು. ಇಷ್ಟು ವರ್ಷದಲ್ಲಿ ಈ ವಾಚು ಹಿಡಿದು ನಿಜವಾಗಿ ಅಳೆದವಳು ಇವಳೊಬ್ಬಳೇ ಎಂದು ಹೊಳೆದಾಗ ಅವರ ಕಿವಿ ಕೆಂಪಾಯಿತು. 10.86ರ ಪಕ್ಕದಲ್ಲಿ ದಪ್ಪಗೆ ‘ಅತ್ಯುತ್ತಮ’ ಎಂದು ಬರೆದು, ಸಹಿ ಹಾಕಿ, ಪುಸ್ತಕವನ್ನು ಇಡೀ ತರಗತಿಗೆ ಎತ್ತಿ ತೋರಿಸಿದರು. ಲೋಲಕಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅಮ್ಮ ಹಟಕ್ಕೆ ಬಿದ್ದು, ಕೆಟ್ಟುಹೋದ ಇನ್ನೊಂದು ವಾಚಿನ ಭಾಗ ಹಾಕಿ ಶಾಲೆಯ ಸ್ಟಾಪ್‌ವಾಚನ್ನು ಸರಿಮಾಡಿಕೊಟ್ಟಳು. ಮುಂದಿನ ವಾರ ಮೇಷ್ಟ್ರು ಎಲ್ಲರ ಕೈಲೂ ಪ್ರಯೋಗವನ್ನು ಮತ್ತೊಮ್ಮೆ ಮಾಡಿಸಿದರು. ಈ ಸಲ ಲೋಲಕಳಿಗೆ 9.8 ಬಂತು.

ಉಳಿದ ಇಪ್ಪತ್ತೊಂಬತ್ತು ಮಂದಿಗೂ 10.86.