ಖಾಲಿ ಬಾರದ ಡಬ್ಬಿ

ಸೋಮವಾರದಿಂದ ಬರುವುದು ಬೇಡ ಎಂದು ಸರೋಜಿನಿ ಆಂಟಿ ನರ್ಸ್ ಗ್ಲೋರಿಯಾಳಿಗೆ ಹೇಳಿಬಿಟ್ಟರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮೈಥಿಲಿ ಪುಳಿಯೋಗರೆ ಡಬ್ಬಿ ಹಿಡಿದು ಮಾರಿಸ್‌ವಿಲ್‌ನ ಅವರ ಟೌನ್‌ಹೌಸಿನ ಬಾಗಿಲು ತಟ್ಟಿದಳು. ಒಳಗೆ ಕರುಣಾಕರ ಅಂಕಲ್ ಪಾರ್ಶ್ವವಾಯು ಹೊಡೆದು ಮಲಗಿದ್ದರು. ಆರಡಿಯ ಗಂಡನ ಮಗ್ಗುಲು ಬದಲಿಸುವುದು ಎಪ್ಪತ್ತರ ಆಂಟಿ ಒಬ್ಬರಿಂದ ಆಗುವ ಮಾತಲ್ಲ.

"ಇದೇನ್ ಆಂಟಿ? ಒಬ್ರೇ ಹೇಗೆ ಮ್ಯಾನೇಜ್ ಮಾಡ್ತೀರಾ?"

"ಗ್ಲೋರಿಯಾಳಿಗೆ ಸಂಬಳ ಕೊಡುತ್ತಿದ್ದ ನಮ್ಮ ಇನ್ಶೂರೆನ್ಸ್ ಕಂಪನಿ ಮುಳುಗಿತಲ್ಲ ಮಾರಾಯ್ತಿ. ಇನ್ನು ಅದನ್ನು ಬೇರೆ ಇನ್ಶೂರೆನ್ಸ್ ಕಂಪನಿಗಳು ಸೇರಿ ಕೊಡುತ್ತವಂತೆ. ನಾವು ಅವರಿಗೆ ಒಂದು ಡಾಲರ್ ಪ್ರೀಮಿಯಮ್ ಕಟ್ಟಿದವರಲ್ಲ. ದಾನ ತಗೊಂಡು ಗಂಡನ ಸೇವೆ ಮಾಡಿಸುವ ಗತಿ ನನಗಿನ್ನೂ ಬಂದಿಲ್ಲ."

ಮೈಥಿಲಿ ಒಳಗೊಳಗೇ ನಕ್ಕಳು. ಹಾಗೆ ಕೊಡುವ ಕಂಪನಿಗಳಲ್ಲೊಂದರ ಟ್ಯಾಕ್ಸ್ ವಿಭಾಗದಲ್ಲೇ ಅವಳಿಗೆ ಕೆಲಸ. ಆಂಟಿಯನ್ನು ಒಪ್ಪಿಸುವುದು ನೀರು ಕುಡಿದಷ್ಟು ಸುಲಭ ಅಂದುಕೊಂಡಳು.

"ದಾನ ಅಲ್ಲ ಆಂಟಿ, ಲಾ ಇದೆ. ಒಂದು ಕಂಪನಿ ಮುಳುಗಿದ್ರೆ ಈ ಸ್ಟೇಟ್‌ನಲ್ಲಿ ಬಿಸಿನೆಸ್ ಮಾಡೋ ಉಳಿದವು ಕೊಡ್ಲೇಬೇಕು."

"ಹೆದರಿಸಿ ಕೊಡಿಸಿದ್ದು ದಾನಕ್ಕಿಂತಲೂ ಕಡೆ," ಎಂದರು ಆಂಟಿ.

ಹೀಗೆ ಜಗಳವಾಡುತ್ತಲೇ ಅವರು ಪುಳಿಯೋಗರೆಯನ್ನು ತಟ್ಟೆಗೆ ಸುರಿದು, ಡಬ್ಬಿ ತೊಳೆದು ಒರೆಸಿ, ಅದರಲ್ಲಿ ಚಕ್ಕುಲಿ ಜೋಡಿಸತೊಡಗಿದ್ದರು. ಬಂದ ಡಬ್ಬಿ ಆ ಮನೆಯಿಂದ ಖಾಲಿ ಹೋದದ್ದೇ ಇಲ್ಲ. ಮೈಥಿಲಿಗೆ ಥಟ್ಟನೆ ಹೊಳೆಯಿತು.

"ಆಂಟಿ, ನಮ್ಮ ಕಂಪನಿ ಕೊಟ್ಟ ಡಬ್ಬಿನೂ ಖಾಲಿ ವಾಪಸ್ ಬರಲ್ಲ. ನಾವು ಕೊಟ್ಟಿದ್ದನ್ನ ಐದು ಭಾಗ ಮಾಡಿ, ಸ್ಟೇಟ್‌ಗೆ ಕಟ್ಟೋ ಟ್ಯಾಕ್ಸ್‌ನಲ್ಲಿ ವರ್ಷಕ್ಕೊಂದು ಭಾಗ ಮುರ್ಕೊಂಡು ಉಳಿದಿದ್ದನ್ನ ಕಟ್ತೀವಿ. ಐದ್ ವರ್ಷಕ್ಕೆ ಪೂರ್ತಿ ವಾಪಸ್. ಅದನ್ನ ಫೈಲ್ ಮಾಡೋದೇ ನಾನು."

ಆಂಟಿಯ ಕೈ ನಿಂತಿತು. "ಪೂರ್ತಿ?"

"ಪೂರ್ತಿ."

"ಹಾಗಾದರೆ ಆ ಕಂಪನಿಗಳ ಋಣ ನಮಗಿಲ್ಲ." ಅಷ್ಟು ಹೇಳಿ ಫೋನ್ ಎತ್ತಿಕೊಂಡರು. "ಗ್ಲೋರಿಯಾ, ಮಂಡೇ ಯು ಕಮ್." ಹಾಸಿಗೆಯಲ್ಲಿದ್ದ ಅಂಕಲ್ ಬಾಯಿಯ ಒಂದೇ ಬದಿಯಿಂದ ನಕ್ಕರು. ಪ್ರಮೋಷನ್ ಸಿಕ್ಕ ದಿನವೂ ಮೈಥಿಲಿ ಇಷ್ಟು ಹಿಗ್ಗಿರಲಿಲ್ಲ.

ಚಕ್ಕುಲಿ ಡಬ್ಬಿ ಹಿಡಿದು ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಆಂಟಿ ಕರೆದರು.

"ನಿಲ್ಲು. ನಿಮ್ಮ ಡಬ್ಬಿಯನ್ನು ಸರಕಾರ ತುಂಬಿಸುವುದು ಯಾರ ಅಡುಗೆಮನೆಯಿಂದ?"

ಮೈಥಿಲಿ ಮೆಟ್ಟಿದ ಚಪ್ಪಲಿ ಮತ್ತೆ ಬಿಟ್ಟಳು. "ಅದು... ಎಲ್ರ ಟ್ಯಾಕ್ಸ್‌ನಿಂದ ಆಂಟಿ."

"ನಾನು ಮೊನ್ನೆ ಕುಕ್ಕರ್ ಕೊಂಡಾಗ ಕಟ್ಟಿದ್ದೂ ಸೇರಿ?"

"ಅದೂ ಸೇರಿ."

ನರ್ಸನ್ನು ಮತ್ತೆ ಬೇಡ ಅಂದುಬಿಟ್ಟರೆ ಎಂದು ಮೈಥಿಲಿ ಹೆದರಿದಳು. ಆಂಟಿ ಫೋನಿನ ಕಡೆ ತಿರುಗಲಿಲ್ಲ. ಕಪಾಟಿನಿಂದ ಇನ್ನೊಂದು ಡಬ್ಬಿ ತೆಗೆದು, ಮುಚ್ಚಳ ಹಾಕಲಾಗದಷ್ಟು ಚಕ್ಕುಲಿ ತುಂಬಿ ಅವಳ ಕೈಗಿಟ್ಟರು.

"ಇದನ್ನು ಎದುರುಮನೆಯ ಡೆಬೊರಾಳಿಗೆ ಕೊಟ್ಟು ಹೋಗು. ಟ್ಯಾಕ್ಸ್ ಕಟ್ಟಿ ಐದು ವರ್ಷ ನನ್ನ ಗಂಡನನ್ನು ನೋಡಿಕೊಳ್ಳುವವರಲ್ಲಿ ಅವಳೂ ಒಬ್ಬಳು. ಪಾಪ, ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ."