ಜೇವರ್ಗಿಯ ಸಾಕ್ಷಿ

ಶಾಲೋಮ ಆಳಂದದಲ್ಲಿ ಜಡಿಮಳೆಯೊಳಗೆ ಸತ್ತ. ಅಫಜಲಪುರದಲ್ಲಿ ತಾಯಿಯ ತೊಡೆಯ ಮೇಲೆ ಕರ್ತನ ಹಾಡು ಹಾಡುತ್ತ ಸತ್ತ. ಜ್ವರ ನೆತ್ತಿಗೇರಿ ಹಲ್ಲು ಕಚ್ಚಿಕೊಂಡಿದ್ದ ನಾಲ್ಕು ವರ್ಷದ ಕೂಸು ಎಲ್ಲಿಯ ಹಾಡು ಹಾಡೀತು? ಆದರೂ ಅದರ ಅಪ್ಪ ದೇವಪುತ್ರ ಪಾದ್ರಿ ಆಯಾ ಊರಿನ ಚರ್ಚಿನಲ್ಲಿ ಮೈಕಿನ ಮುಂದೆ ನಿಂತು ಹಾಗೇ ಹೇಳಿದ, ಜನರೂ ಹಾಗೇ ನಂಬಿ ಅತ್ತರು. ಸುವರ್ಣಾ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ತನ್ನ ಮಗ ಹೇಗೆ ಸತ್ತನೆಂದು ಹೆತ್ತವಳೇ ಊರೂರಿಗೆ ಹೋಗಿ ಕೇಳಿ ತಿಳಿಯುವ ಗತಿ ಯಾರಿಗೂ ಬರಬಾರದು.

ಗಂಡ ಹೆಂಡತಿ ಇಬ್ಬರೂ ಆಫ್ರಿಕಾದ ಮಲಾವಿ ದೇಶದಲ್ಲಿ ಮಿಷನರಿಗಳು. ರಜೆಗೆಂದು ಊರಿಗೆ ಬಂದರು ಸರಿ, ಆದರೆ ಮಿಷನರಿಗೆ ರಜೆ ಎಲ್ಲಿಯದು? ಒಂದೊಂದೇ ಸಭೆಗೆ ಹೋಗಬೇಕು, ಮಲಾವಿಯವರು ಉಡುವ ಬಣ್ಣದ ಬಟ್ಟೆ ಸುತ್ತಿಕೊಂಡು ನಿಲ್ಲಬೇಕು, ಆ ಭಾಷೆಯಲ್ಲೊಂದು ಹಾಡು ಹೇಳಬೇಕು, ಆಮೇಲೆ ದೇವರು ತಮ್ಮನ್ನು ಹೇಗೆ ನಡೆಸಿದ ಅಂತ ಸಾಕ್ಷಿ ಕೊಡಬೇಕು. ಮಗನನ್ನು ಅಲ್ಲೇ ಮಣ್ಣುಮಾಡಿ ಬಂದವರು ಅಂತ ಗೊತ್ತಾದ ಮೇಲಂತೂ ಜನಕ್ಕೆ ಬೇರೆ ಯಾವ ಸಾಕ್ಷಿಯೂ ಬೇಡವಾಗಿತ್ತು.

ಅಫಜಲಪುರ ಬಿಟ್ಟು ಜೇವರ್ಗಿ ಹಾದಿ ಹಿಡಿದಾಗ ಬಾಡಿಗೆ ಜೀಪಿನ ಶರಫುದ್ದೀನ ಕನ್ನಡಿಯಲ್ಲಿ ಹಿಂದೆ ನೋಡುತ್ತ ಮೆಲ್ಲಗೆ ಬಾಯಿ ತೆಗೆದ.

“ಸಾಹೇಬ್ರ, ಹೊರಗ ಕುಂತು ನಿಮ್ಮ ಮಾತೆಲ್ಲಾ ಕೇಳಿದ್ನಿರಿ. ಕರುಳು ಚುರ್ ಅಂತು. ಕೂಸಿನ್ನ ದವಾಖಾನಿಗೆ ಒಯ್ಯಾಕ ಒಂದು ಗಾಡಿನೂ ಇರಲಿಲ್ಲೇನ್ರಿ ಅಲ್ಲಿ?”

“ಎಲ್ಲಿ ಗಾಡಿ ತಮ್ಮಾ, ಕಾಡು ಅದು,” ಅಂದ ದೇವಪುತ್ರ, ಕಿಟಕಿಯಾಚೆಯ ತೊಗರಿ ಹೊಲ ನೋಡುತ್ತ.

ಸುವರ್ಣಾ ಥಟ್ಟನೆ ಗಂಡನತ್ತ ತಿರುಗಿದಳು. ಗಾಡಿ ಇತ್ತು! ಮಿಷನ್ನಿನ ಬಿಳಿ ಗಾಡಿ, ಬಾಗಿಲ ಮುಂದೆಯೇ ನಿಂತಿತ್ತು. “ಹೋಗಬ್ಯಾಡ್ರಿ, ಕೂಸಿನ ಮೈ ಸುಡಾಕತ್ತದ” ಅಂತ ಅವಳು ಅಡ್ಡ ನಿಂತಿದ್ದಳು. “ದೀಕ್ಷಾಸ್ನಾನಕ್ಕ ಜನ ಕಾಯಾಕತ್ತಾರ, ಸಂಜೀಕ ಬಂದು ಒಯ್ಯೂನು” ಅಂತ ಅದೇ ಗಾಡಿ ಹತ್ತಿ ಹೋದವನು ಇವನೇ. ಸಂಜೆ ಬಂದಾಗ ದವಾಖಾನೆಗೆ ಒಯ್ಯುವಂಥದ್ದು ಏನೂ ಉಳಿದಿರಲಿಲ್ಲ. ಅವತ್ತಿನಿಂದ ಆ ಗಾಡಿಯ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಎತ್ತಿದರೆ ಒಂದೇ ಸೂರಿನಡಿ ಬಾಳುವೆ ಆಗದು ಅಂತ ಇಬ್ಬರಿಗೂ ಗೊತ್ತಿತ್ತು.

ಜೇವರ್ಗಿಯ ಚರ್ಚಿನ ಗೇಟಿನಲ್ಲಿ ಅವಳು ಗಂಡನ ತೋಳು ಹಿಡಿದು ನಿಲ್ಲಿಸಿದಳು. “ಇವತ್ತ ಶಾಲೋಮನ ಸುದ್ದಿ ತಗೀಬ್ಯಾಡ್ರಿ. ಕೈ ಮುಗೀತೇನಿ.”

“ಅದನ್ನ ಕೇಳಾಕಂತನ ಬಂದಾರ ಸುವರ್ಣಾ. ಎಷ್ಟೋ ಮಂದೀದು ವಿಶ್ವಾಸ ಗಟ್ಟಿ ಆಗ್ತದ.”

“ನೀವು ತಗದ್ರ ಖರೇದು ನಾ ಹೇಳ್ತೇನಿ.”

ದೇವಪುತ್ರ ತೋಳು ಬಿಡಿಸಿಕೊಂಡು ಒಳಗೆ ನಡೆದ. ನಾಲ್ಕು ಜನರ ಮುಂದೆ ಗಂಡನ ಮಾನ ಕಳೆಯುವ ಹೆಂಗಸಲ್ಲ ಇವಳು ಅನ್ನುವ ಧೈರ್ಯ ಅವನಿಗೆ. ಜೇವರ್ಗಿಯಲ್ಲಂತೂ ಅವನ ಬಾಯಿಗೆ ಕಡಿವಾಣವೇ ಇರಲಿಲ್ಲ. ಗಾಡಿ ಇಲ್ಲದ ಊರು, ತುಂಬಿದ ಹೊಳೆ, ಅಪ್ಪನ ಹೆಗಲ ಮೇಲೆ ಕೂಸು, ಹೊಳೆ ದಾಟುವುದರೊಳಗೆ ದೇವರ ಕರೆ. ಹೇಳುತ್ತ ಹೇಳುತ್ತ ಅವನಿಗೇ ಕಣ್ಣೀರು ಬಂತು. ಹೆಂಗಸರೆಲ್ಲ ಬಿಕ್ಕಿ ಬಿಕ್ಕಿ ಅಳತೊಡಗಿದರು. ಸಭಾಪಾಲಕ ಸತ್ಯಮಿತ್ರರು ಎದ್ದು, “ಅಕ್ಕಾರ, ಹೆತ್ತ ತಾಯಿ ನೀವು, ನೀವೂ ಎರಡು ಮಾತು ಹೇಳ್ರಿ” ಅಂದರು.

ಸುವರ್ಣಾ ಎದ್ದಳು. ಮೈಕಿನ ತನಕ ಹೋಗದೆ ನಿಂತಲ್ಲಿಂದಲೇ ಹೇಳಿದಳು.

“ಗಾಡಿ ಇತ್ರಿ. ಇವರ ಕಡೀನ ಇತ್ತು. ಬ್ಯಾಡಂತ ಅಡ್ಡ ನಿಂತ್ರೂ ಕೇಳಲಿಲ್ಲ, ಜ್ವರದಾಗ ಬಿದ್ದ ಮಗನ್ನ ಬಿಟ್ಟು ದೀಕ್ಷಾಸ್ನಾನ ಕೊಡಾಕ ಹೋದ್ರು. ನನ್ನ ಶಾಲೂ ಅಪ್ಪಾ ಅಪ್ಪಾ ಅಂದ್ಕೋತ ಜೀವ ಬಿಟ್ಟ.”

ದೇವಪುತ್ರನ ಮುಖ ಬಿಳಿಚಿಕೊಂಡಿತು, ಒರಗಲು ಗೋಡೆ ಹುಡುಕುವವನ ಹಾಗೆ ಹಿಂದಕ್ಕೆ ಕೈ ಚಾಚಿದ. ಇನ್ನು ಮುಗಿಯಿತು, ಯಾರಾದರೂ ಎದ್ದು ಇವನನ್ನು ಕೇಳುತ್ತಾರೆ ಅಂದುಕೊಂಡಳು ಸುವರ್ಣಾ. ಎದ್ದವಳು ಮುದುಕಿ ಗುರಮ್ಮ. ಎರಡೂ ಕೈ ಮೇಲೆತ್ತಿ, “ಸ್ತೋತ್ರ ನನ್ನ ಸ್ವಾಮೀ! ಹೆತ್ತ ಮಗನ್ನ ಬಿಟ್ಟು ನಿನ್ನ ಕೆಲಸಕ್ಕ ಹೋದ್ನಲ್ಲೋ ಈ ಪುಣ್ಯಾತ್ಮ!” ಅಂತ ಗೊಳೋ ಎಂದು ಅತ್ತಳು. ಅಷ್ಟೇ ಸಾಕಾಯಿತು. ಹಲ್ಲೆಲೂಯಾ, ಸ್ತೋತ್ರ ಅಂತ ಇಡೀ ಚರ್ಚು ಎದ್ದು ನಿಂತು ಚಪ್ಪಾಳೆ ಹೊಡೆಯಿತು.

“ಇಂಥಾ ದೊಡ್ಡ ತ್ಯಾಗ ಮುಚ್ಚಿಟ್ಟಿದ್ರಲ್ರೀ ಪಾದ್ರಿಗಳ! ಎಂಥಾ ದೀನತೆ!” ಸತ್ಯಮಿತ್ರರು ದೇವಪುತ್ರನನ್ನು ತಬ್ಬಿಕೊಂಡರು. ಅವನು ತಲೆ ಎತ್ತಲಿಲ್ಲ.

“ಅಲ್ರೀ… ಹಂಗಲ್ರೀ…” ಅಂದಳು ಸುವರ್ಣಾ. ಚಪ್ಪಾಳೆಯಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಸಭಾಪಾಲಕರು ಕೈ ಎತ್ತಿ ಜನರನ್ನು ಸುಮ್ಮನಾಗಿಸಿದರು. ಮೈಕನ್ನು ಅವಳ ಬಾಯಿಯ ಹತ್ತಿರ ತಂದು ಕಣ್ಣೊರೆಸಿಕೊಳ್ಳುತ್ತ ಅಂದರು:

“ಇನ್ನೊಮ್ಮೆ ಹೇಳ್ರಿ ಅಕ್ಕಾರ. ಹಿಂದ ಕುಂತವರಿಗೆ ಸರಿಯಾಗಿ ಕೇಳಿಲ್ಲ.”